ಮನೆಯ ಅಕ್ವೇರಿಯಂನಲ್ಲಿ ನೀರಿನ ಹಠಾತ್ ಕೆಡುಕು

ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನು, ಸೀಗಡಿ, ಬಸವನಹುಳುಗಳಿಗೆ ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ಪ್ರಾಣಾಪಾಯ ಒಡ್ಡುವಂತೆ ನೀರಿನ ಗುಣ ಬದಲಾಗುವ ಸ್ಥಿತಿ. ಅಮೋನಿಯ ಮತ್ತು ನೈಟ್ರೈಟ್ ಏರುವುದು, ಕರಗಿದ ಆಮ್ಲಜನಕ ಇಳಿಯುವುದು, ಪಿಎಚ್ ಕುಸಿಯುವುದು ಅಥವಾ ಜಿಗಿಯುವುದು, ಕ್ಲೋರಿನ್ ಇಲ್ಲವೇ ಕೀಟನಾಶಕ ನೀರಿಗೆ ಸೇರುವುದು ಇದರ ಮುಖ್ಯ ರೂಪಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಬಣ್ಣವಿಲ್ಲ, ಮೀನು ಸಾಯುವಷ್ಟು ಪ್ರಮಾಣದಲ್ಲಿದ್ದಾಗಲೂ ವಾಸನೆಯಿಲ್ಲ. ಆದ್ದರಿಂದ ತಿಳಿಯಾಗಿ ಹೊಳೆಯುವ ನೀರಿನಲ್ಲೇ ಮೀನುಗಳು ಬಾಯಿ ಬಿಡುತ್ತ ಮೇಲೆ ಬರುವುದುಂಟು. ಮಂಜುಮಂಜಾಗಿ ಕಂಡು ಮನೆಮಂದಿಯನ್ನೆಲ್ಲ ಗಾಬರಿಗೊಳಿಸುವ ನೀರು ಅಷ್ಟೇನೂ ವಿಷಕಾರಿಯಲ್ಲದಿರುವುದೂ ಉಂಟು.

ಕೇಡು ದಿಢೀರನೆ ಎರಗಿದಂತೆ ಕಂಡರೂ ಅದಕ್ಕೆ ಬಹುಮಟ್ಟಿಗೆ ವಾರಗಟ್ಟಲೆ ಸಿದ್ಧತೆ ನಡೆದಿರುತ್ತದೆ. ನೀರಿನ ಕ್ಷಾರಶಕ್ತಿ ದಿನದಿನವೂ ಸವೆಯುತ್ತ ಬಂದಿರುತ್ತದೆ, ಫಿಲ್ಟರಿನ ಸ್ಪಂಜು ಕಟ್ಟಿಕೊಂಡಿರುತ್ತದೆ, ಮರಳಿನಡಿ ತಿನ್ನದ ಆಹಾರ ಕೊಳೆಯುತ್ತಿರುತ್ತದೆ. ಹೊಸದಾಗಿ ತಂದ ನಾಲ್ಕು ಮೀನು, ಒಂದು ಸೆಕೆಯ ರಾತ್ರಿ, ಎರಡು ಗಂಟೆ ವಿದ್ಯುತ್ ಕಡಿತ ಇವು ಕೊನೆಯ ನೆಪಗಳು ಮಾತ್ರ. ಮೊದಲ ಪೆಟ್ಟನ್ನು ತಾಳಿಕೊಂಡ ಮೀನುಗಳು ಅನಂತರದ ಉಪಚಾರದಿಂದ ಸಾಯುವುದೂ ಅಪರೂಪವಲ್ಲ. ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಜಲ್ಲಿಯನ್ನು ನಲ್ಲಿಯಡಿ ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿ, ಸಿಕ್ಕಿದ ಔಷಧಿಯನ್ನೆಲ್ಲ ಸುರಿಯುವ ಚಿಕಿತ್ಸೆ ಆ ಬಗೆಯದು.

ತೊಟ್ಟಿಯ ಗಾತ್ರವೂ ಸಮಸ್ಯೆಯ ಒಂದು ಭಾಗ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಾಮಾನ್ಯ ತೊಟ್ಟಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು ಸುಮಾರು 56 ಲೀಟರ್. ಜಲ್ಲಿ, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 50 ಲೀಟರೂ ಉಳಿಯುವುದು ಕಷ್ಟ. ಶೇ 40ರಷ್ಟು ಪ್ರೋಟೀನ್ ಇರುವ ಒಂದು ಗ್ರಾಂ ಆಹಾರವನ್ನು ಮೀನುಗಳು ಪೂರ್ತಿ ತಿಂದರೂ ಅವು ಹೊರಹಾಕುವ ಅಮೋನಿಯದಲ್ಲಿ ಸುಮಾರು 37 ಮಿಲಿಗ್ರಾಂ ಸಾರಜನಕವಿರುತ್ತದೆ. ಅದೇ ಆಹಾರ ತಳದಲ್ಲಿ ಬಿದ್ದು ಕೊಳೆತರೆ ಈ ಮೊತ್ತ 60 ಮಿಲಿಗ್ರಾಂ ದಾಟಬಹುದು. ಅಂದರೆ ಮಗುವೊಂದು ಪ್ರೀತಿಯಿಂದ ಸುರಿದ ಅರ್ಧ ಹಿಡಿ ಕಾಳು ಇಡೀ ತೊಟ್ಟಿಯ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲದು. ಕೆರೆಯಲ್ಲಾದರೆ ಅಷ್ಟು ಆಹಾರ ಲೆಕ್ಕಕ್ಕೇ ಸಿಗದು.

ಹಿನ್ನೆಲೆ

ಮೀನಿನ ತೊಟ್ಟಿಯ ನೀರು ಏಕೆ ಕೆಡುತ್ತದೆ ಎಂಬ ಪ್ರಶ್ನೆ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1849ರಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಅರ್ಧದಷ್ಟು ಚಿಲುಮೆ ನೀರು ತುಂಬಿ, ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯ ಗಿಡ ನೆಟ್ಟ. ಗಿಡ ಚಿಗುರಿತು, ಮೀನುಗಳು ಚೆನ್ನಾಗಿದ್ದವು. ಆದರೆ ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿತು. ಕೊಳೆತದ್ದನ್ನು ತಿನ್ನಲಿ ಎಂದು ಆತ ಕೊಳದ ಬಸವನಹುಳುಗಳನ್ನು ಬಿಟ್ಟ, ನೀರು ತಿಳಿಯಾಯಿತು. ಪ್ರಾಣಿಗಳು ಬಿಡುವುದನ್ನು ಗಿಡಗಳು ಬಳಸುತ್ತವೆ, ಗಿಡಗಳು ಬಿಡುವುದನ್ನು ಪ್ರಾಣಿಗಳು ಬಳಸುತ್ತವೆ ಎಂಬ ಅವನ ವರದಿ 1850ರಲ್ಲಿ ಪ್ರಕಟವಾಗಿ, ಮುಂದೆ ‘ಸಮತೋಲಿತ ಅಕ್ವೇರಿಯಂ’ ಎಂಬ ಕಲ್ಪನೆಗೆ ತಳಹದಿಯಾಯಿತು. ಗಿಡ ನೆಟ್ಟರೆ ಸಾಕು, ನೀರು ಬದಲಿಸುವುದೇ ಬೇಡ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಅದು ಇಂದಿಗೂ ಪೂರ್ತಿ ಅಳಿದಿಲ್ಲ.

ವಾರಿಂಗ್‌ಟನ್ನನ ಲೆಕ್ಕದಲ್ಲಿ ಇಲ್ಲದಿದ್ದ ಪಾತ್ರಧಾರಿ ಬ್ಯಾಕ್ಟೀರಿಯಾ. ಅಮೋನಿಯ ನೈಟ್ರೇಟಾಗಿ ಮಾರ್ಪಡುವುದು ಜೀವಿಗಳ ಕೆಲಸ ಎಂಬುದನ್ನು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ 1877ರಲ್ಲಿ ಚರಂಡಿ ನೀರಿನ ಪ್ರಯೋಗದಿಂದ ತೋರಿಸಿಕೊಟ್ಟರು. ಈ ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದು ವಿವರಿಸಿದವನು ಅದೇ ವಾರಿಂಗ್‌ಟನ್ನನ ಮಗ. ಅವನ ಹೆಸರೂ ರಾಬರ್ಟ್. ತಂದೆಯ ಪಾತ್ರೆಯಲ್ಲಿ ಸದ್ದಿಲ್ಲದೆ ನಡೆದಿದ್ದ ಕೆಲಸವನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿ ಹಿಡಿದಂತಾಯಿತು. ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವನಿಗೆ ಕೈಗೂಡಲಿಲ್ಲ. 1890ರ ಸುಮಾರಿಗೆ ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದ.

ಮುಂದೆ ನೂರು ವರ್ಷಗಳ ಕಾಲ ಅಕ್ವೇರಿಯಂ ಪುಸ್ತಕಗಳು ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಎರಡು ಹೆಸರುಗಳನ್ನೇ ಹೇಳುತ್ತ ಬಂದವು. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ನಿಭಾಯಿಸುವುದು ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರ ಬಗೆಯ ಬ್ಯಾಕ್ಟೀರಿಯಾ ಎಂದು ತಿಮೊತಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಅನೇಕ ತೊಟ್ಟಿಗಳಲ್ಲಿ ಅಮೋನಿಯವನ್ನು ಬಳಸುವವು ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿ ಆರ್ಕಿಯ ಎಂಬ ಬೇರೆಯೇ ಕುಲದ ಸೂಕ್ಷ್ಮಜೀವಿಗಳು ಎಂಬುದು 2011ರಲ್ಲಿ ಗೊತ್ತಾಯಿತು. ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಪೂರೈಸಬಲ್ಲ ನೈಟ್ರೊಸ್ಪೈರಗಳೂ ಇವೆ ಎಂದು 2015ರಲ್ಲಿ ಪ್ರಕಟವಾಯಿತು. ಅಂಗಡಿಯ ‘ಬ್ಯಾಕ್ಟೀರಿಯಾ ಬಾಟಲಿ’ಗಳಲ್ಲಿ ಕೆಲವು ಫಲ ಕೊಡುವುದು, ಕೆಲವು ಬರಿಯ ನೀರಿನಂತೆ ವ್ಯರ್ಥವಾಗುವುದು ಏಕೆಂಬುದಕ್ಕೆ ಈ ಶೋಧಗಳಲ್ಲಿ ಸ್ವಲ್ಪ ಉತ್ತರವಿದೆ: ತೊಟ್ಟಿಯಲ್ಲಿ ನೆಲೆಗೊಳ್ಳದ ಜಾತಿಯನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ.

ಅಮೋನಿಯ ಮತ್ತು ಪಿಎಚ್

ಮೀನುಗಳು ತಮ್ಮ ದೇಹದ ಸಾರಜನಕ ತ್ಯಾಜ್ಯದ ದೊಡ್ಡ ಪಾಲನ್ನು ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲೇ ನೀರಿಗೆ ಬಿಡುತ್ತವೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವಿಲ್ಲದ ಅಮೋನಿಯ ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಿ ಒಳಹೋಗುವ ಕಡುವಿಷ. ಅಮೋನಿಯಂ ಅಯಾನು ಅದಕ್ಕಿಂತ ಬಹಳ ಸೌಮ್ಯ. ಯಾವುದು ಎಷ್ಟಿದೆ ಎಂಬುದನ್ನು ಮುಖ್ಯವಾಗಿ ಪಿಎಚ್, ಸ್ವಲ್ಪಮಟ್ಟಿಗೆ ಉಷ್ಣತೆ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ ಪಾಲು ಶೇ 0.6ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇ 5 ದಾಟುತ್ತದೆ. ವಿಷರೂಪದ ಅಮೋನಿಯ ಲೀಟರಿಗೆ 0.02 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಬೇಕೆಂಬುದು ಮೀನುಸಾಕಣೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ.

‘ಎಲ್ಲ ಸರಿಯಾಗಿಯೇ ಇತ್ತು, ನೀರು ಬದಲಿಸಿದ ಮೇಲೆ ಸತ್ತವು’ ಎಂಬ ತೀರ ಸಾಮಾನ್ಯವಾದ ದೂರಿನ ಗುಟ್ಟು ಈ ಲೆಕ್ಕದಲ್ಲಿದೆ. ಅಮೋನಿಯವನ್ನು ನೈಟ್ರೇಟ್ ಮಾಡುವ ಕ್ರಿಯೆ ಆಮ್ಲವನ್ನು ಹುಟ್ಟಿಸುತ್ತದೆ. ಒಂದು ಗ್ರಾಂ ಅಮೋನಿಯ ಸಾರಜನಕ ನೈಟ್ರೇಟಾಗಲು ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ವ್ಯಯವಾಗುತ್ತದೆ. ಐವತ್ತು ಲೀಟರ್ ತೊಟ್ಟಿಗೆ ದಿನಕ್ಕೊಂದು ಗ್ರಾಂ ಆಹಾರ ಹಾಕಿದರೆ ಪ್ರತಿ ಲೀಟರಿನ ಕ್ಷಾರದಲ್ಲಿ ದಿನಕ್ಕೆ ಸುಮಾರು 5 ಮಿಲಿಗ್ರಾಂ ಸವೆಯುತ್ತದೆ. ಲೀಟರಿಗೆ 100 ಮಿಲಿಗ್ರಾಂ ಕ್ಷಾರವಿದ್ದ ನೀರನ್ನು ಬದಲಿಸದೆ ಬಿಟ್ಟರೆ ಮೂರು ವಾರಗಳಲ್ಲಿ ಅದು ಬರಿದಾಗುವತ್ತ ಸಾಗುತ್ತದೆ. ಕ್ಷಾರ ಉಳಿದಿರುವಷ್ಟು ದಿನ ಪಿಎಚ್ ಹೆಚ್ಚು ಅಲುಗಾಡುವುದಿಲ್ಲ, ಮುಗಿದೊಡನೆ ನೇರ ಕುಸಿಯುತ್ತದೆ. ಪಿಎಚ್ 6ರ ಆಸುಪಾಸಿಗೆ ಬಂದಾಗ ನೈಟ್ರೀಕರಿಸುವ ಬ್ಯಾಕ್ಟೀರಿಯಾಗಳ ಕೆಲಸ ಬಹುತೇಕ ನಿಂತುಹೋಗಿ ಅಮೋನಿಯ ಶೇಖರವಾಗತೊಡಗುತ್ತದೆ. ಆದರೆ ಆ ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲೇ ಇರುವುದರಿಂದ ಮೀನುಗಳು ಮಂಕಾದರೂ ಬದುಕಿರುತ್ತವೆ. ಹವ್ಯಾಸಿಗಳು ಇದನ್ನು ‘ಹಳೇ ತೊಟ್ಟಿ ರೋಗ’ ಎನ್ನುತ್ತಾರೆ.

ಈಗ ಮನೆಯವರಿಗೆ ಎಚ್ಚರವಾಗಿ ಅರ್ಧ ನೀರು ತೆಗೆದು ಕೊಳವೆಬಾವಿಯ ನೀರು ತುಂಬಿಸುತ್ತಾರೆ ಎಂದಿಟ್ಟುಕೊಳ್ಳೋಣ. ಒಟ್ಟು ಅಮೋನಿಯ ಲೀಟರಿಗೆ 4 ಮಿಲಿಗ್ರಾಂ ಇದ್ದದ್ದು 2ಕ್ಕೆ ಇಳಿಯಿತು. ಪಿಎಚ್ ಮಾತ್ರ 6ರಿಂದ 7.8ಕ್ಕೆ ಏರಿತು. ವಿಷರೂಪದ ಅಮೋನಿಯ ಮೊದಲು 0.002 ಮಿಲಿಗ್ರಾಂ ಇದ್ದದ್ದು ಈಗ 0.07ರ ಹತ್ತಿರ. ಹೊಲಸು ಅರ್ಧವಾಯಿತು, ವಿಷ ಮೂವತ್ತು ಪಟ್ಟು ಹೆಚ್ಚಿತು. ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಮೀನುಗಳ ವಿಷಯದಲ್ಲೂ ಇದೇ ಆಗುತ್ತದೆ. ಬಹಳ ಹೊತ್ತು ಕಟ್ಟಿಟ್ಟ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ತಗ್ಗಿರುತ್ತದೆ, ಅಮೋನಿಯ ನಿರುಪದ್ರವಿಯಾಗಿ ಕುಳಿತಿರುತ್ತದೆ. ಗಂಟು ಬಿಚ್ಚಿದೊಡನೆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ. ಹಾಗಾಗಿ ದೂರದಿಂದ ತರಿಸಿದ ಮೀನನ್ನು, ಚೀಲವನ್ನು ತೆರೆದಿಟ್ಟು ಗಂಟೆಗಟ್ಟಲೆ ‘ಹೊಂದಿಸುವುದು’ ಒಳ್ಳೆಯದಲ್ಲ. ಮುಚ್ಚಿದ ಚೀಲವನ್ನೇ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡುವುದು ಮೇಲು. ಚೀಲದ ನೀರು ತೊಟ್ಟಿಗೆ ಬೀಳಬಾರದು.

ಹೊಸ ತೊಟ್ಟಿಯ ಕಥೆ ಇದಕ್ಕಿಂತ ಸರಳ. ಬ್ಯಾಕ್ಟೀರಿಯಾಗಳ ನೆಲೆ ಗಟ್ಟಿಯಾಗಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟರೆ ಮೊದಲು ಅಮೋನಿಯ, ಅದರ ಹಿಂದೆಯೇ ನೈಟ್ರೈಟ್ ಏರುತ್ತದೆ. ನೈಟ್ರೈಟ್ ಕಿವಿರಿನ ಕ್ಲೋರೈಡ್ ಹೀರುವ ಕೋಶಗಳ ಮೂಲಕ ರಕ್ತ ಸೇರಿ ಹಿಮೋಗ್ಲೋಬಿನ್ನನ್ನು ಮೆಟ್‌ಹಿಮೋಗ್ಲೋಬಿನ್ ಆಗಿಸುತ್ತದೆ. ರಕ್ತ ಕಂದಾಗುತ್ತದೆ, ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೂ ಅದನ್ನು ಒಯ್ಯಲಾರದು. ಇದಕ್ಕೆ ಅಡುಗೆಮನೆಯಲ್ಲೇ ಮದ್ದಿದೆ: ಉಪ್ಪು. ಅದರ ಕ್ಲೋರೈಡ್ ಅದೇ ಬಾಗಿಲಿಗೆ ಪೈಪೋಟಿ ಹೂಡಿ ನೈಟ್ರೈಟನ್ನು ತಡೆಯುತ್ತದೆ. ಐದು ಲೀಟರಿಗೆ ಒಂದು ಗ್ರಾಂ, ಅಂದರೆ ಐವತ್ತು ಲೀಟರಿಗೆ ಹತ್ತು ಗ್ರಾಂ ಉಪ್ಪು ಲೀಟರಿಗೆ 120 ಮಿಲಿಗ್ರಾಂನಷ್ಟು ಕ್ಲೋರೈಡ್ ಒದಗಿಸುತ್ತದೆ. ಸಾಮಾನ್ಯ ಮಟ್ಟದ ಏರಿಕೆಗೆ ಅಷ್ಟು ಸಾಕು. ಹಿಡಿಗಟ್ಟಲೆ ಸುರಿಯಬೇಕಿಲ್ಲ.

ಆಮ್ಲಜನಕ

ಬೆಚ್ಚನೆಯ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ಇನ್ನೂ ಹತ್ತನೇ ಒಂದು ಪಾಲು ಕಡಿತ. ಮಂಗಳೂರಿನಲ್ಲಿ ಸೆಕೆ ಹೆಚ್ಚು, ಬೆಂಗಳೂರಿನಲ್ಲಿ ಎತ್ತರ ಹೆಚ್ಚು. ಮೀನಿಗೆ ಎರಡೂ ಕಡೆ ನಷ್ಟವೇ. ಉಷ್ಣತೆ ಏರಿದಂತೆ ಮೀನುಗಳ ಮತ್ತು ಬ್ಯಾಕ್ಟೀರಿಯಾಗಳ ಬೇಡಿಕೆಯೂ ಏರುವುದರಿಂದ ಏಪ್ರಿಲ್, ಮೇ ತಿಂಗಳು ಕಷ್ಟಕಾಲ. ಪಶ್ಚಿಮ ಘಟ್ಟದ ತಂಪು ಹೊಳೆಗಳಿಂದ ಬಂದ, ‘ಮಿಸ್ ಕೇರಳ’ ಎಂದು ಮಾರಾಟವಾಗುವ ಡೆನಿಸನ್ ಬಾರ್ಬ್‌ನಂಥ ಮೀನುಗಳು ಇದನ್ನು ಮೊದಲು ಅನುಭವಿಸುತ್ತವೆ. ಫೈಟರ್, ಗೌರಾಮಿಗಳಿಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿರುವುದರಿಂದ ಅವು ನಿಶ್ಚಿಂತವಾಗಿರುತ್ತವೆ. ಅವುಗಳ ಆರೋಗ್ಯ ನೋಡಿ ತೊಟ್ಟಿಯೇ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ.

ಗಿಡಗಳು ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ಬಳಸುವ ಕಡೆಗೇ ಸೇರುತ್ತವೆ. ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ, ಇಂಗಾಲದ ಡೈಆಕ್ಸೈಡ್ ಅತಿ ಹೆಚ್ಚು ಇರುವುದು ಬೆಳಗಿನ ಜಾವಕ್ಕೆ. ಎದ್ದು ದೀಪ ಹಾಕಿದಾಗ ಮೀನುಗಳೆಲ್ಲ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದು, ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದರೆ ಕಾರಣ ಬಹುಶಃ ಇದೇ. ಕೊಳೆ ಹೆಚ್ಚಿದ ನೀರಿನಲ್ಲಿ ಆಮ್ಲಜನಕ ಕುಸಿಯುವುದರ ದೊಡ್ಡ ರೂಪವನ್ನು ಬೆಂಗಳೂರಿಗರು 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಕಂಡಿದ್ದರು.

ವಿದ್ಯುತ್ ಹೋದಾಗ ಕೆಡುವುದು ಬರಿಯ ಗಾಳಿಯ ಪೂರೈಕೆಯಲ್ಲ. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಆಮ್ಲಜನಕ ಬೇಕು. ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರಿನಲ್ಲಿ ಹರಿವು ನಿಂತರೆ ಒಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿದು ಕೊಳೆಯುವಿಕೆ ಶುರುವಾಗುತ್ತದೆ. ವಿದ್ಯುತ್ ಮರಳಿದಾಗ ಆ ನಾರುವ ನೀರು ನೇರ ತೊಟ್ಟಿಗೆ ನುಗ್ಗುತ್ತದೆ. ಬಹಳ ಹೊತ್ತು ನಿಂತಿದ್ದ ಫಿಲ್ಟರನ್ನು ಬಿಚ್ಚಿ, ಒಳಗಿನ ನೀರನ್ನು ಚೆಲ್ಲಿದ ಮೇಲಷ್ಟೇ ಓಡಿಸಬೇಕು. ತೊಟ್ಟಿಯೊಳಗಿನ ಸ್ಪಂಜು ಫಿಲ್ಟರಿಗೆ ಈ ಅಪಾಯ ಅಷ್ಟಾಗಿಲ್ಲ. ಅಗ್ಗದ್ದೆಂದು ಮೂಗುಮುರಿಯುವವರಿದ್ದರೂ, ಕರೆಂಟು ಹೋಗಿಬರುವ ಊರುಗಳಿಗೆ ಬ್ಯಾಟರಿಯಿಂದಲೂ ನಡೆಯುವ ಏರ್ ಪಂಪಿಗೆ ಜೋಡಿಸಿದ ಸ್ಪಂಜೇ ಹೆಚ್ಚು ಒಪ್ಪುವ ಸಲಕರಣೆ.

ನೀರಿನ ಮೂಲ

ಕರ್ನಾಟಕದ ನಗರಗಳ ಮೀನುಸಾಕಣೆದಾರರಿಗೆ ಇರುವ ವಿಶೇಷ ತೊಡಕೆಂದರೆ ಮನೆಗೆ ಬರುವ ನೀರು ಒಂದೇ ಆಗಿರುವುದಿಲ್ಲ. ಬೆಂಗಳೂರಿನ ಒಂದೇ ಸಂಪಿಗೆ ವಾರದಲ್ಲಿ ಎರಡು ದಿನ ತೊರೆಕಾಡನಹಳ್ಳಿಯಿಂದ ಶುದ್ಧೀಕರಣಗೊಂಡು ಬರುವ ಕಾವೇರಿ ನೀರು, ಉಳಿದ ದಿನ ಕೊಳವೆಬಾವಿಯ ನೀರು, ಬೇಸಿಗೆಯಲ್ಲಿ ಎಲ್ಲಿಂದ ತುಂಬಿತೋ ತಿಳಿಯದ ಟ್ಯಾಂಕರ್ ನೀರು ಬೀಳುತ್ತದೆ. 2024ರ ಬೇಸಿಗೆಯ ಅಭಾವದಲ್ಲಿ ಇದು ಮನೆಮನೆಯ ಅನುಭವವಾಯಿತು. ಕಾವೇರಿ ನೀರು ಮೆದು. ಆಳದ ಕೊಳವೆಬಾವಿಯದು ಬಹಳ ಗಡಸಾಗಿರಬಹುದು. ಹಿಂದಿನ ತಿಂಗಳು ಒಗ್ಗಿದ ನಲ್ಲಿಯ ನೀರೇ ಈ ತಿಂಗಳು ಮೀನುಗಳಿಗೆ ಆಘಾತ ಕೊಡುವುದು ಹೀಗೆ. ಕೊಳವೆಬಾವಿಯಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುವುದುಂಟು. ಬಕೆಟ್ಟಿನಲ್ಲಿ ಒಂದು ರಾತ್ರಿ ಗಾಳಿಯಾಡಿಸಿದರೆ ಪಿಎಚ್ ತನ್ನ ನಿಜ ಮಟ್ಟಕ್ಕೆ ಬರುತ್ತದೆ. ನೈಟ್ರೇಟ್ ಹೆಚ್ಚಿರುವ ಅಂತರ್ಜಲ ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಅಂಥಲ್ಲಿ ನೀರು ಬದಲಿಸಿ ನೈಟ್ರೇಟ್ ಇಳಿಸುವುದು ಸಾಧ್ಯವಿಲ್ಲ. ಬೇಗ ಬೆಳೆಯುವ ಗಿಡಗಳನ್ನೂ ಮಳೆನೀರನ್ನೂ ನೆಚ್ಚಬೇಕು.

ಕುಡಿಯುವ ನೀರಿನ ಭಾರತೀಯ ಮಾನಕ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆನ್ನುತ್ತದೆ. ಮನುಷ್ಯರ ಕ್ಷೇಮಕ್ಕೆ ಬೇಕಾದ ಈ ಪ್ರಮಾಣವೇ ಕಿವಿರಿನ ನವುರಾದ ಪದರವನ್ನು ಸುಡಲು ಸಾಕು. ಅಪಾರ್ಟ್‌ಮೆಂಟುಗಳಲ್ಲಿ ಸಂಪು ತೊಳೆದು ಬ್ಲೀಚಿಂಗ್ ಪುಡಿ ಹಾಕಿದ ದಿನ ಪ್ರಮಾಣ ಎಷ್ಟೋ ಪಟ್ಟು ಹೆಚ್ಚಿರುತ್ತದೆ, ಆ ಸೂಚನೆ ಮೀನಿರುವ ಮನೆಗೆ ಮುಟ್ಟಿರುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಗಳಲ್ಲಿ ‘ಆಂಟಿ ಕ್ಲೋರಿನ್’ ಎಂದು ಸಿಗುವ, ಹಿಂದೆ ಫೋಟೊ ತೊಳೆಯುವವರು ಹೈಪೊ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಇದೆ. ಒಂದು ಪಾಲು ಕ್ಲೋರಿನ್ನಿಗೆ ಏಳು ಪಾಲು ಹರಳು ಹಾಕುವುದು ರೂಢಿ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ಐವತ್ತು ಲೀಟರಿಗೆ ಮೂರೂವರೆ ನೂರು ಮಿಲಿಗ್ರಾಂ, ಅಂದರೆ ಒಂದು ಚಿಟಿಕೆ. ಅಮೆರಿಕದ ಹಲವು ನಗರಗಳಲ್ಲಿ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ 2004ರಲ್ಲಿ ಅದಕ್ಕೆ ಬದಲಾಯಿತು. ಅಲ್ಲಿ ನೆಲೆಸಿದ ಕನ್ನಡಿಗರು ಊರಿನ ಅಭ್ಯಾಸದಂತೆ ನೀರನ್ನು ರಾತ್ರಿಯಿಡೀ ಇಟ್ಟರೆ ಸಾಲದು. ಕ್ಲೋರಮೈನ್ ಹಾಗೆ ಹಾರಿಹೋಗುವುದಿಲ್ಲ, ಹೈಪೊ ಹಾಕಿದರೆ ಒಡೆದು ಅಮೋನಿಯವನ್ನು ನೀರಿನಲ್ಲಿ ಬಿಟ್ಟುಹೋಗುತ್ತದೆ. ಕ್ಲೋರಿನ್, ಅಮೋನಿಯ ಎರಡನ್ನೂ ಕಟ್ಟಿಹಾಕುವ ಮಿಶ್ರಣವೇ ಬೇಕು.

ಗಡಸಿನ ಕಾಟಕ್ಕೆ ಬೇಸತ್ತವರು ಆರ್‌ಓ ಯಂತ್ರದ ನೀರಿಗೆ ಹೋಗುವುದುಂಟು. ಅದರಲ್ಲಿ ಗಡಸಿನೊಂದಿಗೆ ಕ್ಷಾರವೂ ತೊಲಗಿರುತ್ತದೆ. ಮೇಲೆ ಹೇಳಿದ ಮೂರು ವಾರದ ಅವಧಿ ಇಲ್ಲಿ ನಾಲ್ಕೈದು ದಿನಕ್ಕೆ ಇಳಿಯಬಹುದು. ಬರಿಯ ಆರ್‌ಓ ನೀರು ಬೇಡ. ಅದಕ್ಕೆ ಕೊಳವೆಬಾವಿಯ ನೀರು ಬೆರೆಸಬೇಕು ಅಥವಾ ಫಿಲ್ಟರಿನಲ್ಲಿ ಚಿಪ್ಪಿನ ಚೂರುಗಳ ಒಂದು ಸಣ್ಣ ಚೀಲ ಇಡಬೇಕು. ಆಮ್ಲ ಹೆಚ್ಚಿದಷ್ಟೂ ಚಿಪ್ಪು ತಾನಾಗಿ ಕರಗಿ ಸರಿದೂಗಿಸುತ್ತದೆ.

ಮನೆಯೊಳಗಿನ ವಿಷಗಳು

ಸೊಳ್ಳೆ ಓಡಿಸುವ ದ್ರವ, ಬತ್ತಿ, ಜಿರಳೆ ಕೊಲ್ಲುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕಗಳು ಮನುಷ್ಯರಿಗೆ ಅಷ್ಟಾಗಿ ಹಾನಿ ಮಾಡದಿದ್ದರೂ ಮೀನುಗಳಿಗೆ ಅತ್ಯಂತ ವಿಷಕಾರಿ, ಸೀಗಡಿಗಳಿಗೆ ಇನ್ನೂ ಹೆಚ್ಚು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿನಲ್ಲಿ ಗುಳ್ಳೆಯಾಗಿ ಬಿಡುವ ಯಂತ್ರ ಎಂಬುದು ಮರೆತುಹೋಗುತ್ತದೆ. ಪಂಪಿನ ಪಕ್ಕದ ಪ್ಲಗ್ಗಿಗೇ ಸೊಳ್ಳೆ ಯಂತ್ರ ಸಿಕ್ಕಿಸಿರುವ ಮನೆಗಳು ಎಷ್ಟೋ. ಸ್ಪ್ರೇ ಹೊಡೆಯಲೇಬೇಕಾದರೆ ಪಂಪ್ ನಿಲ್ಲಿಸಿ, ತೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಕೋಣೆಯ ಗಾಳಿ ಬದಲಾದ ಮೇಲೆ ತೆರೆಯುವುದು ವಾಡಿಕೆ. ಆ ಕೋಣೆಯಲ್ಲಿ ಸ್ಪ್ರೇ ಹೊಡೆಯದೆ ಬಿಡುವುದು ಅದಕ್ಕಿಂತ ಉತ್ತಮ. ಗೋಡೆ ಬಣ್ಣದ ಆವಿ, ಕೈಗೆ ಅಂಟಿದ ಫಿನಾಯಿಲ್, ಸಾಬೂನು ಹಾಕಿ ತೊಳೆದ ಬಕೆಟ್ಟು ಇವೂ ಇದೇ ಸಾಲಿನವು.

ಔಷಧಿಗಳೂ ಇಲ್ಲಿಗೇ ಸೇರುತ್ತವೆ. ತಾಮ್ರವಿರುವ ಔಷಧಿ ಬಸವನಹುಳು, ಸೀಗಡಿಗಳನ್ನು ಕೊಲ್ಲುತ್ತದೆ. ಅವುಗಳ ಕಳೇಬರ ಕೊಳೆತು ಅಮೋನಿಯ ಏರಿ ಮೀನುಗಳಿಗೂ ಕೇಡು. ಮೆಥಿಲೀನ್ ಬ್ಲೂ ಮತ್ತು ಕೆಲವು ಪ್ರತಿಜೈವಿಕಗಳು ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಕುಗ್ಗಿಸುವುದರಿಂದ ಅವನ್ನು ಬೇರೆ ಪಾತ್ರೆಯಲ್ಲಿ ಬಳಸಬೇಕು. ನೀಲಿ ನೀರು ನೋಡಿದರೆ ಮನಸ್ಸಿಗೆ ಸಮಾಧಾನವಾಗುತ್ತದೆಂಬುದನ್ನು ಬಿಟ್ಟರೆ, ಕಾರಣ ತಿಳಿಯದೆ ಅದನ್ನು ತೊಟ್ಟಿಗೆ ಸುರಿಯುವುದರಿಂದ ಲಾಭವಿಲ್ಲ.

ಬಣ್ಣ ಮತ್ತು ವಾಸನೆ

ಹೊಸ ತೊಟ್ಟಿಯಲ್ಲಿ ಅಥವಾ ಆಹಾರ ಹೆಚ್ಚಾದಾಗ ನೀರು ಹಾಲು ಬೆರೆತಂತೆ ಬೆಳ್ಳಗಾಗುವುದು ಕೊಳೆತದ್ದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳಿಂದ. ಆಹಾರ ನಿಲ್ಲಿಸಿ ಗಾಳಿ ಹೆಚ್ಚಿಸಿದರೆ ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಅಷ್ಟರಲ್ಲಿ ಅವು ಆಮ್ಲಜನಕ ಕಬಳಿಸುವುದೇ ಮುಖ್ಯ ಅಪಾಯ. ಹಸಿರು ನೀರು ತೇಲುವ ಸೂಕ್ಷ್ಮ ಪಾಚಿ, ಕಿಟಕಿಯ ಬಿಸಿಲು ಅದರ ತವರು. ಮರದ ಕೊರಡು, ಕಾಡುಬಾದಾಮಿ ಎಲೆ ಹಾಕಿದಾಗ ಬರುವ ಚಹಾ ಬಣ್ಣ ನಿರುಪದ್ರವಿ, ಕೆಲವು ಮೀನುಗಳಿಗೆ ಹಿತವೂ ಹೌದು. ಭಯಪಡಬೇಕಾದದ್ದು ಕೊಳೆತ ಮೊಟ್ಟೆಯ ವಾಸನೆಗೆ. ದಪ್ಪ ಮರಳಿನಡಿ ಆಮ್ಲಜನಕವಿಲ್ಲದೆ ಹುಟ್ಟಿದ ಹೈಡ್ರೊಜನ್ ಸಲ್ಫೈಡ್, ತಳ ಕೆದಕಿದಾಗ ಒಮ್ಮೆಗೇ ಹೊರಬಂದು ಮೀನುಗಳನ್ನು ಕೊಲ್ಲಬಲ್ಲದು. ವರ್ಷಗಟ್ಟಲೆ ಮುಟ್ಟದ ಮರಳನ್ನು ಮೀನುಗಳಿರುವಾಗ ಒಂದೇ ದಿನ ಕೆದಕಿ ತೆಗೆಯಬಾರದು.

ಗುರುತಿಸುವ ಬಗೆ

ಪರೀಕ್ಷೆಯ ಕಿಟ್ ಕೈಗೆ ಬರುವ ಮುಂಚೆಯೇ ಮೀನುಗಳ ವರ್ತನೆ ಬಹಳಷ್ಟು ಹೇಳುತ್ತದೆ. ಎಲ್ಲವೂ ಒಮ್ಮೆಗೇ ಬಾಧೆಗೊಂಡರೆ ನೀರನ್ನು ಶಂಕಿಸಬೇಕು. ಒಂದಾದ ಮೇಲೊಂದರಂತೆ ದಿನಗಳ ಅಂತರದಲ್ಲಿ ಸತ್ತರೆ ರೋಗವನ್ನು. ಆಮ್ಲಜನಕ ಕುಸಿದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಹೋಗುತ್ತವೆ. ನೀರು ಬದಲಿಸಿದ ಕೆಲವೇ ನಿಮಿಷಗಳಲ್ಲಿ ಅತ್ತಿತ್ತ ಚಿಮ್ಮಿ, ಗಾಜಿಗೆ ಬಡಿದುಕೊಂಡು, ಕಿವಿರು ಬಿಳಿಚಿಕೊಂಡರೆ ಕ್ಲೋರಿನ್. ನಡುಕ, ಸುರುಳಿ ಈಜು, ಅದಕ್ಕೂ ಮುಂಚೆ ಸೀಗಡಿಗಳ ಸಾವು ಕೀಟನಾಶಕದ ಕಡೆ ಬೆರಳು ತೋರುತ್ತವೆ. ಅಮೋನಿಯದಲ್ಲಿ ಕಿವಿರು ಕೆಂಪೇರುತ್ತದೆ, ರೆಕ್ಕೆ ಮುದುಡುತ್ತದೆ. ನೈಟ್ರೈಟಿನಲ್ಲಿ ಕಿವಿರು ಕಂದು.

ಮನೆಯಲ್ಲಿ ಇರಲೇಬೇಕಾದ ಪರೀಕ್ಷೆಗಳು ಅಮೋನಿಯ, ನೈಟ್ರೈಟ್, ಪಿಎಚ್ ಮತ್ತು ಕ್ಷಾರ. ಅಮೋನಿಯಕ್ಕೆ ಸ್ಯಾಲಿಸಿಲೇಟ್ ವಿಧಾನದ, ಹಸಿರು ಬಣ್ಣ ಕೊಡುವ ಕಿಟ್ ಒಳ್ಳೆಯದು; ಹಳದಿ ಬಣ್ಣದ ನೆಸ್ಲರ್ ವಿಧಾನ ಕ್ಲೋರಿನ್ ನಿವಾರಕ ಬಳಸಿದ ನೀರಿನಲ್ಲಿ ತಪ್ಪು ತೋರಿಸಬಹುದು. ಎರಡೂ ಅಳೆಯುವುದು ಒಟ್ಟು ಅಮೋನಿಯವನ್ನು, ವಿಷದ ಪಾಲನ್ನು ಪಿಎಚ್ ನೋಡಿ ಲೆಕ್ಕಹಾಕಬೇಕು. ಕುಡಿಯುವ ನೀರಿಗೆಂದು ಎಲ್ಲರ ಮನೆಗೂ ಬಂದಿರುವ ಟಿಡಿಎಸ್ ಮೀಟರನ್ನು ತೊಟ್ಟಿಗೆ ಅದ್ದಿ ‘ನೀರು ಚೆನ್ನಾಗಿದೆ’ ಎನ್ನುವವರಿದ್ದಾರೆ. ಅದು ಲವಣಗಳ ಒಟ್ಟು ಮೊತ್ತದ ಅಂದಾಜನ್ನಷ್ಟೇ ಕೊಡುತ್ತದೆ. ಮಾರಕ ಪ್ರಮಾಣದ ಅಮೋನಿಯ, ಕ್ಲೋರಿನ್, ಕೀಟನಾಶಕ ಯಾವುದೂ ಅದರ ಅಂಕಿಯನ್ನು ಕಣ್ಣಿಗೆ ಬೀಳುವಷ್ಟು ಬದಲಿಸವು. ಹೊಸ ನೀರು ಹಳೆಯ ನೀರಿಗೆ ಎಷ್ಟು ಹತ್ತಿರ ಎಂದು ಹೋಲಿಸಲು ಮಾತ್ರ ಉಪಯುಕ್ತ.

ತುರ್ತು ಕ್ರಮ

ಕಾರಣ ಏನೇ ಇರಲಿ, ಮೊದಲ ಕೆಲಸ ಗಾಳಿ. ಅಮೋನಿಯ, ನೈಟ್ರೈಟ್, ಕ್ಲೋರಿನ್ ಮೂರೂ ಕೊನೆಗೆ ಉಸಿರಾಟವನ್ನೇ ಕೆಡಿಸುವುದರಿಂದ ಹೆಚ್ಚು ಆಮ್ಲಜನಕ ಎಲ್ಲಕ್ಕೂ ನೆರವಾಗುತ್ತದೆ. ಕೀಟನಾಶಕದ ಸಂದರ್ಭದಲ್ಲಿ ಮಾತ್ರ ಪಂಪನ್ನು ಶುದ್ಧ ಗಾಳಿಯಿರುವ ಕೋಣೆಗೆ ಒಯ್ದು ಅಲ್ಲಿಂದ ಕೊಳವೆ ಎಳೆಯಬೇಕು. ಕರೆಂಟಿಲ್ಲದಿದ್ದರೆ ಚೊಂಬಿನಿಂದ ನೀರೆತ್ತಿ ಒಂದಡಿ ಎತ್ತರದಿಂದ ಹೊಯ್ಯುತ್ತಿರುವುದು ಬಳಲಿಸುವ ಕೆಲಸವಾದರೂ ಫಲಕಾರಿ. ಆಹಾರ ಪೂರ್ತಿ ನಿಲ್ಲಬೇಕು. ಬೆಳೆದ ಮೀನು ಒಂದು ವಾರ ಉಪವಾಸವಿದ್ದರೆ ಏನೂ ಆಗದು. ಸತ್ತ ಮೀನು, ಕೊಳೆತ ಎಲೆಗಳನ್ನು ತೆಗೆಯಬೇಕು, ಕಲ್ಲಿನ ಹಿಂದೆ ಸಿಕ್ಕಿಕೊಂಡದ್ದನ್ನೂ ಹುಡುಕಿ.

ಆಮೇಲೆ ನೀರು. ತೊಟ್ಟಿಯ ಪಿಎಚ್, ಹೊಸ ನೀರಿನ ಪಿಎಚ್ ಎರಡನ್ನೂ ನೋಡದೆ ಬದಲಿಸಬಾರದು. ಅವು ಹತ್ತಿರ ಹತ್ತಿರ ಇದ್ದರೆ ಉಷ್ಣತೆ ಸರಿಹೊಂದಿಸಿ, ಕ್ಲೋರಿನ್ ತೆಗೆದು ಅರ್ಧದಷ್ಟು ಬದಲಿಸಬಹುದು. ಮರುದಿನ ಮತ್ತೆ ಅರ್ಧ ಬದಲಿಸಿದರೆ ಮೊದಲಿದ್ದ ಹೊಲಸಿನ ಕಾಲು ಭಾಗ ಉಳಿಯುತ್ತದೆ. ತೊಟ್ಟಿ ಬಹಳ ಆಮ್ಲೀಯವಾಗಿ ಅಮೋನಿಯ ಶೇಖರವಾಗಿದ್ದರೆ ಒಮ್ಮೆಗೆ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಜೊತೆಗೆ ಅಮೋನಿಯವನ್ನು ಬಂಧಿಸುವ ದ್ರವ ಹಾಕಿ, ಒಂದೆರಡು ದಿನಗಳಲ್ಲಿ ಹಂತಹಂತವಾಗಿ ಮೇಲೆ ತರಬೇಕು. ಅಡುಗೆ ಸೋಡ ಹಾಕಿ ಪಿಎಚ್ ಏರಿಸುವ ಸಲಹೆ ಅಮೋನಿಯ ಇಳಿದ ಮೇಲೆ ಸರಿ, ಮುಂಚೆ ಮಾರಕ. ಅಮೋನಿಯ ಹೀರುವ ಜಿಯೊಲೈಟ್ ಕಲ್ಲು ಸಿಹಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಉಪ್ಪು ಹಾಕಿದರೆ ಹೀರಿದ್ದನ್ನು ಮರಳಿ ಬಿಡುತ್ತದೆ. ನೈಟ್ರೈಟಿಗೆ ಉಪ್ಪು ಹಾಕಿದವರು ಜಿಯೊಲೈಟನ್ನು ಮೊದಲು ಎತ್ತಿಡಬೇಕು.

ಕ್ಲೋರಿನ್ನಾದರೆ ಯೋಚಿಸುತ್ತ ಕೂರದೆ ಆ ಕ್ಷಣವೇ ಹೈಪೊ. ಕೀಟನಾಶಕವಾದರೆ ಬೇರೆ ಪಾತ್ರೆಯ ಶುದ್ಧ ನೀರಿಗೆ ಮೀನುಗಳ ವರ್ಗಾವಣೆ, ತೊಟ್ಟಿಯಲ್ಲಿ ಹೊಸ ಸಕ್ರಿಯ ಇದ್ದಿಲು. ಸೆಕೆಯಾದರೆ ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಬೀಸಿಸಬಹುದು, ಮುಚ್ಚಿದ ಬಾಟಲಿಯಲ್ಲಿ ತಣ್ಣೀರು ತುಂಬಿ ತೇಲಿಬಿಡಬಹುದು. ಗಂಟೆಗೆ ಒಂದೆರಡು ಡಿಗ್ರಿಗಿಂತ ವೇಗವಾಗಿ ತಂಪಾಗಿಸಬಾರದು.

ಮಾಡಬಾರದ್ದು ಫಿಲ್ಟರ್ ತೊಳೆಯುವುದು. ತಿಂಗಳಿಗೊಮ್ಮೆ ಅಂಗಡಿಯ ಹುಡುಗ ಬಂದು ಎಲ್ಲವನ್ನೂ ಹೊರತೆಗೆದು, ಸ್ಪಂಜು, ಜಲ್ಲಿಗಳನ್ನು ನಲ್ಲಿಯಡಿ ಹಿಂಡಿ, ಪಳಪಳ ಹೊಳೆಯುವಂತೆ ಮಾಡಿಕೊಡುವ ಪದ್ಧತಿ ನಮ್ಮ ನಗರಗಳಲ್ಲಿ ಬೇರೂರಿದೆ. ಬ್ಯಾಕ್ಟೀರಿಯಾಗಳ ನೆಲೆ ಇರುವುದು ಆ ಸ್ಪಂಜು, ಜಲ್ಲಿಗಳ ಮೇಲಿನ ಲೋಳೆಯಲ್ಲಿ. ಅದು ಹೋದರೆ ಹಳೆಯ ತೊಟ್ಟಿ ಹೊಸ ತೊಟ್ಟಿಯಾಗುತ್ತದೆ, ಮೀನುಗಳ ಸಂಖ್ಯೆ ಮಾತ್ರ ಹಳೆಯದೇ. ಹರಿವು ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಬಾರಿ ಹಿಂಡಿದರೆ ಆಯಿತು.

ಚೇತರಿಕೆ

ಮೀನುಗಳು ಮತ್ತೆ ಚುರುಕಾದ ಮಾತ್ರಕ್ಕೆ ಪ್ರಕರಣ ಮುಗಿಯುವುದಿಲ್ಲ. ಅಮೋನಿಯ ಇಳಿದ ಕೆಲವು ದಿನಗಳ ನಂತರ ನೈಟ್ರೈಟ್ ತಲೆಯೆತ್ತುವುದು ಸಾಮಾನ್ಯ. ಎರಡನೇ ಹಂತದ ಬ್ಯಾಕ್ಟೀರಿಯಾಗಳು ಚೇತರಿಸಿಕೊಳ್ಳುವುದು ನಿಧಾನ. ಎರಡೂ ಒಂದು ವಾರ ಸತತವಾಗಿ ಸೊನ್ನೆ ತೋರುವವರೆಗೆ ದಿನಾ ಅಳೆದು, ಎರಡು ದಿನಕ್ಕೊಮ್ಮೆ ಚಿಟಿಕೆಯಷ್ಟೇ ಆಹಾರ ಕೊಡಬೇಕು. ಕಿವಿರು ಸುಟ್ಟ ಮೀನುಗಳಿಗೆ ಶಿಲೀಂಧ್ರ, ಬ್ಯಾಕ್ಟೀರಿಯಾ ಸೋಂಕು ತಗಲುವುದು ಈ ಅವಧಿಯಲ್ಲೇ. ಆರೋಗ್ಯವಂತ ತೊಟ್ಟಿಯಿರುವ ಗೆಳೆಯರಿಂದ ಬಳಸಿದ ಸ್ಪಂಜಿನ ಒಂದು ತುಂಡು ತಂದು ಫಿಲ್ಟರಿನಲ್ಲಿ ಇಡುವುದು ಯಾವ ಬಾಟಲಿಗಿಂತಲೂ ಬೇಗ ಫಲ ಕೊಡುತ್ತದೆ. ಒದ್ದೆಯಾಗಿಯೇ ತರಬೇಕು, ದಾರಿಯಲ್ಲಿ ಒಣಗಬಾರದು, ಗೆಳೆಯರ ತೊಟ್ಟಿಯಲ್ಲಿ ರೋಗವಿರಬಾರದು. ಸತ್ತವುಗಳ ಜಾಗಕ್ಕೆ ಹೊಸ ಮೀನುಗಳನ್ನು ಒಂದೇ ಸಲ ತುಂಬಿಸದೆ ಎರಡೆರಡು ವಾರಗಳ ಅಂತರದಲ್ಲಿ ಒಂದೆರಡರಂತೆ ಬಿಟ್ಟು, ಪ್ರತಿ ಸಲವೂ ಮೂರನೇ ದಿನ ಅಮೋನಿಯ ಅಳೆದು ನೋಡಿ ಮುಂದುವರಿಯಬೇಕು.